ಕನ್ನಡ ಬೆರಳಚ್ಚು ಯಂತ್ರವೂ ಅಲಂಕಾರಪ್ರಿಯರೂ

ಹಳೆಯ ವಸ್ತುಗಳನ್ನು ಸಂಗ್ರಹಿಸುವ ಅಭಿರುಚಿಯು ಈಚೆಗೆ ಬೆಂಗಳೂರಿನ ಪಶ್ಚಿಮ ಭಾಗದ ವಿದ್ಯಾವಂತ ಕುಟುಂಬಗಳಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿಯೆಂದು ಹಲವರು ಹೇಳುವರು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಡುಮನೆಗಳಲ್ಲಿ ಹಿತ್ತಾಳೆಯ ಹಂಡೆ, ಗ್ರಾಮಫೋನು, ಗೋಡೆಯ ಗಡಿಯಾರ ಇವುಗಳ ಪಂಕ್ತಿಯಲ್ಲಿ ಈಗ ಬೆರಳಚ್ಚು ಯಂತ್ರವೂ ಬಂದು ಕುಳಿತಿದೆ. ಕುಳಿತಿದೆ ಎಂಬುದೇ ಇಲ್ಲಿ ಸರಿಯಾದ ಮಾತು. ಏಕೆಂದರೆ ಅದು ಏನನ್ನೂ ಬರೆಯುವುದಿಲ್ಲ. ಅದರ ಮೇಲೆ ಧೂಳು ಬೀಳದಂತೆ ಗಾಜಿನ ಪೆಟ್ಟಿಗೆಯುಂಟು. ಅದರ ಉರುಳೆಗೆ ಒಂದು ಹಾಳೆ ಕಾಗದವನ್ನು ಸೇರಿಸಿ ನೋಡಿದವರಿಲ್ಲ.

ಇದಿಷ್ಟೇ ಆಗಿದ್ದರೆ ನಿರಪಾಯವಾದ ವಿನೋದವೆಂದು ಸುಮ್ಮನಿರಬಹುದಾಗಿತ್ತು. ಆದರೆ ಈ ಅಭಿರುಚಿಯಲ್ಲಿ ಒಂದು ಪಂಕ್ತಿಭೇದವಿದೆ; ಅದನ್ನು ಬಹಿರಂಗವಾಗಿ ಖಂಡಿಸುವವರು ಇದುವರೆಗೆ ಕಡಮೆ. ಗಾಜಿನ ಪೆಟ್ಟಿಗೆಯೊಳಗೆ ಪ್ರವೇಶವು ಆಂಗ್ಲ ಅಕ್ಷರದ ಯಂತ್ರಕ್ಕೆ ಮಾತ್ರ. 1900ರ ಅಂಡರ್‌ವುಡ್ ಐದನೆಯ ಮಾದರಿಯಾಗಲಿ, 1950ರ ಒಲಿವೆಟ್ಟಿ ಲೆಟ್ಟೆರಾ ಇಪ್ಪತ್ತೆರಡಾಗಲಿ ಕೈಗೆ ಸಿಕ್ಕರೆ ಸಂಗ್ರಾಹಕರು ಹಿರಿಹಿರಿ ಹಿಗ್ಗುವರು. ಅದೇ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಕನ್ನಡ ರೆಮಿಂಗ್ಟನ್ನನ್ನೋ ಕನ್ನಡ ಗೋದ್ರೇಜನ್ನೋ ಕಾಲಿನಿಂದ ಸರಿಸಿ ಮುಂದಕ್ಕೆ ಹೋಗುವರು. ಅದು ಕಚೇರಿಯ ಸಾಮಾನು, ಅದರಲ್ಲಿ ಅಂದವಿಲ್ಲ ಎಂಬುದು ಅವರ ಸಮಾಧಾನ.

ಮಾಗಡಿ ರಸ್ತೆಯ ಬಳಿಯ ಹೇರೋಹಳ್ಳಿಯು ಕೆರೆಯೊಂದನ್ನು ಮಗ್ಗುಲಲ್ಲಿಟ್ಟುಕೊಂಡ ಹಳ್ಳಿಯಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾದಾಗ ನಗರದೊಳಗೆ ಸೇರಿತು. ಹಳೆಯ ಬಡಾವಣೆಗಳ ಒಂಟಿಮನೆಗಳು ಕೆಡವಲ್ಪಟ್ಟು ಮಹಡಿಮನೆಗಳಾಗುವಾಗ ಅಟ್ಟದ ಸಾಮಾನೆಲ್ಲ ಇಂಥ ಅಂಚಿನ ಊರುಗಳ ಗುಜರಿಗೆ ಇಳಿಯುವುದು. ಕಚೇರಿಯ ದೊಡ್ಡ ಬೆರಳಚ್ಚು ಯಂತ್ರವೊಂದು ಸುಮಾರು 15 ಕಿಲೋಗ್ರಾಂ ತೂಗುವುದು. ಗುಜರಿಯವನ ತಕ್ಕಡಿಗೆ ಭಾಷೆ ತಿಳಿಯದು; ಅವನ ಮೇಲೆ ದೋಷವನ್ನು ಹೊರಿಸುವುದು ಅನ್ಯಾಯ. ಆದರೆ ಅವನ ಅಂಗಡಿಗೆ ಹುಡುಕಿಕೊಂಡು ಬರುವ ಸಂಗ್ರಾಹಕರಿಗೆ ಭಾಷೆ ತಿಳಿಯದೆ? ಆಂಗ್ಲ ಯಂತ್ರವನ್ನು ಅವರು ಬಿಡಿಸಿಕೊಂಡು ಹೋದಮೇಲೆ ಉಳಿದ ಕನ್ನಡ ಯಂತ್ರವು ಕಬ್ಬಿಣದ ಬೆಲೆಗೆ ಕುಲುಮೆಯನ್ನು ಸೇರುವುದು. ಸೇರಿದರೆ ಏನು ಹೋಯಿತು ಎಂದು ಕೇಳುವವರು ಆ ಯಂತ್ರದ ಹೊಟ್ಟೆಯೊಳಗೆ ಏನಿತ್ತೆಂಬುದನ್ನು ಸ್ವಲ್ಪ ತಿಳಿಯಬೇಕು.

ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಮಕ್ಕಳು ಬಾಯಿಪಾಠ ಮಾಡುವರು. ಬರವಣಿಗೆಗೆ ಬೇಕಾದ ರೂಪಗಳು ಅಷ್ಟರಲ್ಲಿ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಕಾಗುಣಿತವನ್ನು ಕೂಡಿಸಿದರೆ ನಾನೂರನ್ನು ಮೀರುವುದು; ಅವುಗಳ ಕೆಳಗೆ ಒತ್ತುಗಳನ್ನಿಟ್ಟರೆ ಲೆಕ್ಕವು ಸಾವಿರಗಳಿಗೆ ಏರುವುದು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ನೂರಾರು ಮನೆಗಳ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಈ ಕಷ್ಟವನ್ನು ನೀಗಿಸಿಕೊಳ್ಳುತ್ತಿದ್ದನು. ಬೆರಳಚ್ಚು ಯಂತ್ರಕ್ಕೆ ಆ ಸೌಕರ್ಯವೆಲ್ಲಿ? ಅದರಲ್ಲಿರುವುದು 45ರ ಆಸುಪಾಸಿನ ಕೀಲಿಗಳು; ಕೀಲಿಯೊಂದಕ್ಕೆ ಎರಡರಂತೆ ಹೆಚ್ಚೆಂದರೆ ತೊಂಬತ್ತು ಚಿಲ್ಲರೆ ಗುರುತುಗಳು; ಅಂಕಿಗಳೂ ವಿರಾಮಚಿಹ್ನೆಗಳೂ ಅದರಲ್ಲಿಯೇ ಅಡಗಬೇಕು. ಆದಕಾರಣ ಅಕ್ಷರವನ್ನು ಅವಯವಗಳಾಗಿ ಬಿಡಿಸಿ, ಬರೆಯುವವನ ಬೆರಳಿನ ಕೆಳಗೆ ಅವು ಮತ್ತೆ ಕೂಡುವಂತೆ ಮಾಡಬೇಕಾಯಿತು. ಸಾಮಾನ್ಯವಾದ ಕೀಲಿಯನ್ನು ಒತ್ತಿದರೆ ಅಚ್ಚು ಬಿದ್ದೊಡನೆ ಗಾಡಿಯು ಒಂದು ಹೆಜ್ಜೆ ಸರಿಯುವುದು. ಕನ್ನಡ ಯಂತ್ರದ ಕೆಲವು ಕೀಲಿಗಳಲ್ಲಿ ಗುರುತು ಬಿದ್ದರೂ ಗಾಡಿಯು ಕದಲುವುದಿಲ್ಲ. ಮುಂದಿನ ಗುರುತು ಅದೇ ನೆಲೆಯಲ್ಲಿ ಬಂದು ಕೂಡಿಕೊಳ್ಳುವುದು. ಯಂತ್ರ ರಿಪೇರಿಯವರು ಇವನ್ನು ಡೆಡ್ ಕೀ, ಎಂದರೆ ಸತ್ತ ಕೀಲಿ ಎನ್ನುವರು. ಕನ್ನಡದ ಬರವಣಿಗೆಗೆ ಜೀವಕೊಟ್ಟ ಕೀಲಿಗಳಿಗೆ ಸತ್ತ ಕೀಲಿಗಳೆಂದು ಹೆಸರು ಬಿದ್ದುದು ವಿಚಿತ್ರವೇ ಸರಿ!

ಇಷ್ಟು ಇಕ್ಕಟ್ಟಿನಲ್ಲಿ ಯಾವ ಗುರುತಿಗೆ ಸ್ಥಳಕೊಡಬೇಕು, ಯಾವುದನ್ನು ಎರಡು ತುಂಡಾಗಿ ಒಡೆಯಬೇಕು, ಯಾವ ಬೆರಳಿಗೆ ಯಾವ ಅವಯವ ಸಮೀಪವಾಗಿರಬೇಕು ಎಂಬುದು ಲಿಪಿಯನ್ನು ಆಳವಾಗಿ ಬಲ್ಲವರು ಮಾತ್ರ ಬಿಡಿಸಬಲ್ಲ ಸಮಸ್ಯೆ. ಇದು ಕೇವಲ ಯಂತ್ರದ ವಿಷಯವಲ್ಲವೆಂಬುದಕ್ಕೆ ಸಯಾಮ್ ದೇಶದ ಉದಾಹರಣೆಯೊಂದು ಸಾಕು. 1892ರಲ್ಲಿ ಎಡ್ವಿನ್ ಮ್ಯಾಕ್‌ಫಾರ್ಲೆಂಡ್ ಎಂಬವನು ಥಾಯ್ ಭಾಷೆಗೆ ಬೆರಳಚ್ಚು ಯಂತ್ರವನ್ನು ಹೊಂದಿಸುವಾಗ ಕೀಲಿಗಳು ಸಾಲದೆ ಎರಡು ವ್ಯಂಜನಗಳನ್ನು ಕೈಬಿಟ್ಟನು. ಕಾಲಕ್ರಮದಲ್ಲಿ ಆ ಎರಡು ಅಕ್ಷರಗಳೂ ಆ ದೇಶದ ಬರವಣಿಗೆಯಿಂದಲೇ ಮರೆಯಾದವು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡದ ಲಿಪಿಸುಧಾರಣೆಯನ್ನು ಕುರಿತು ವಿದ್ವಾಂಸರಲ್ಲಿ ವಾದವಿವಾದಗಳು ನಡೆದವು. ಆ ವಾದಗಳಿಗೆ ಕಬ್ಬಿಣದಲ್ಲಿ ಕೊಟ್ಟ ಉತ್ತರವೇ ಕನ್ನಡ ಕೀಲಿಮಣೆ. ಅಮೆರಿಕದ ಶೋಲ್ಸ್ 1868ರಲ್ಲಿ ಸನ್ನದು ಪಡೆದುದನ್ನೂ, ಬಂದೂಕು ಮಾಡುತ್ತಿದ್ದ ರೆಮಿಂಗ್ಟನ್ ಕಾರ್ಖಾನೆಯು ಆ ಯಂತ್ರವನ್ನು ಮಾರಾಟಕ್ಕೆ ತಂದುದನ್ನೂ ಸಂಗ್ರಾಹಕರು ಅತಿಥಿಗಳ ಮುಂದೆ ಸೊಗಸಾಗಿ ವರ್ಣಿಸುವರು. ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದ ಕೆ. ಅನಂತಸುಬ್ಬರಾಯರ ಹೆಸರನ್ನು ಅವರ ಬಾಯಿಂದ ಕೇಳಿದ ಅತಿಥಿಗಳು ಎಷ್ಟು ಮಂದಿ?

ಈ ಯಂತ್ರವು ಮಾಡಿದ ಕೆಲಸವೂ ಅಲ್ಪವಲ್ಲ. 1963ರಲ್ಲಿ ರಾಜ್ಯದ ಆಡಳಿತ ಭಾಷಾ ಕಾಯಿದೆಯು ಬಂದಿತು. ಕಾಯಿದೆಯೇನೋ ಬಂದಿತು, ಕನ್ನಡದಲ್ಲಿ ಆಜ್ಞೆ ಹೊರಡಬೇಕಾದರೆ ಅದನ್ನು ನಾಲ್ಕು ಪ್ರತಿಗಳಲ್ಲಿ ತೆಗೆಯುವ ಯಂತ್ರವೂ ಅದನ್ನು ನಡೆಸುವ ಕೈಗಳೂ ಬೇಕಾಗಿದ್ದವು. ಬೆರಳಚ್ಚು ಶಾಲೆಗಳಲ್ಲಿ ಕಿರಿಯ, ಹಿರಿಯ ದರ್ಜೆಗಳ ಪರೀಕ್ಷೆಗೆ ಕುಳಿತ ಸಾವಿರಾರು ಹುಡುಗ ಹುಡುಗಿಯರು ಆ ಕೈಗಳನ್ನು ಒದಗಿಸಿದರು. ಎಷ್ಟೋ ಮನೆಗಳಲ್ಲಿ ಮೊದಲ ಸಂಬಳವು ಈ ಕೀಲಿಗಳ ಮೂಲಕವೇ ಬಂದಿತು. ಈ ಪತ್ರಿಕೆಯ ವಾಚಕರಲ್ಲಿಯೂ ಅಂಥ ಮನೆಯವರು ಇಲ್ಲದಿರಲಾರರು.

ಪ್ರತಿಪಕ್ಷದವರ ಮೊದಲನೆಯ ಆಕ್ಷೇಪಣೆಯೆಂದರೆ, ಗಣಕವು ಬಂದಿರುವಾಗ ಈ ವ್ಯಾಮೋಹವೇಕೆ ಎಂಬುದು. ಕಚೇರಿಗಳು ಮರಳಿ ಬೆರಳಚ್ಚು ಯಂತ್ರಕ್ಕೆ ಹೋಗಬೇಕೆಂದು ಬುದ್ಧಿಯುಳ್ಳವರಾರೂ ಹೇಳುವುದಿಲ್ಲ. ಕೆ. ಪಿ. ರಾಯರು ರೂಪಿಸಿದ ಗಣಕದ ಕೀಲಿಮಣೆಯು ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದು. ಬರೆಯುವವನು ಧ್ವನಿಯನ್ನು ಒತ್ತಿದರೆ ರೂಪವನ್ನು ಗಣಕವೇ ಕಟ್ಟಿಕೊಡುವುದು. ಇದು ದೊಡ್ಡ ಸಾಧನೆ. ಬೆರಳಚ್ಚು ಯಂತ್ರದಲ್ಲಿಯಾದರೋ ರೂಪವನ್ನು ಕಟ್ಟುವವನು ಬೆರಳಚ್ಚುಗಾರನೇ. ಹಿಂದಿನವರು ಅಕ್ಷರದ ಆಕಾರವನ್ನು ಹೇಗೆ ಬಿಡಿಸಿ ನೋಡಿದ್ದರೆಂಬುದನ್ನು ಗಣಕದ ಮುಂದೆ ಎಷ್ಟು ಹೊತ್ತು ಕುಳಿತರೂ ತಿಳಿಯಲಾಗದು. ನಡೆಯುವ ಯಂತ್ರವೊಂದರ ಮುಂದೆ ಕಾಲು ಗಂಟೆ ಕುಳಿತರೆ ತಿಳಿಯುವುದು. ತಾಳೆಗರಿಯ ಮೇಲೆ ಈಗ ಯಾರೂ ಬರೆಯುವುದಿಲ್ಲವೆಂದು ಕಂಠವನ್ನು ಎಸೆದವರುಂಟೆ?

ಇದಕ್ಕಿಂತ ವ್ಯಾವಹಾರಿಕವಾದ ಕಾರಣವೊಂದುಂಟು. ಕ್ರಯಪತ್ರ, ವಿಭಾಗಪತ್ರ, ಮೃತ್ಯುಪತ್ರ ಎಂದು ಕನ್ನಡ ಯಂತ್ರಗಳಲ್ಲಿ ಬೆರಳಚ್ಚಾದ ಕಾಗದಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಅವುಗಳ ಮೇಲೆ ವ್ಯಾಜ್ಯಗಳೂ ಮುಗಿದಿಲ್ಲ. ಒಂದೊಂದು ಯಂತ್ರದ ಅಚ್ಚಿಗೂ ತನ್ನದೇ ಆದ ವಕ್ರತೆ, ಸವೆತ, ಏರುಪೇರುಗಳಿರುತ್ತವೆ. ಕಾಗದವು ಯಾವ ಯಂತ್ರದಿಂದ ಹೊರಟಿತೆಂಬುದನ್ನು ಪರೀಕ್ಷಕರು ಇವುಗಳಿಂದ ಊಹಿಸುವರು. 1952ರಲ್ಲಿ ಇಂಥ ತಜ್ಞರ ಅಭಿಪ್ರಾಯವು ಸಾಕ್ಷ್ಯವಾಗದೆಂದು ಹೇಳಿದ್ದ ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ಆ ಮಾತನ್ನು ತಳ್ಳಿಹಾಕಿ, ಅದು ಗ್ರಾಹ್ಯವೆಂದು ತೀರ್ಪಿತ್ತಿತು. ಹೋಲಿಸಿನೋಡಲು ಯಂತ್ರಗಳೂ ಇಲ್ಲ, ಅವುಗಳ ಅಚ್ಚಿನ ಮಾದರಿಗಳೂ ಇಲ್ಲ ಎಂದಮೇಲೆ ತಜ್ಞರು ಯಾವುದನ್ನು ನೋಡಿ ಅಭಿಪ್ರಾಯ ಕೊಟ್ಟಾರು?

ಎರಡನೆಯ ಆಕ್ಷೇಪಣೆಯು ಇನ್ನೂ ಜಾಣತನದ್ದು. ಬಣ್ಣ ಬಳಿದೋ ದೀಪ ಸಿಕ್ಕಿಸಿಯೋ ಯಂತ್ರವನ್ನು ಮನೆಯಲ್ಲಿಟ್ಟರೂ ಅದು ಕುಲುಮೆಯ ಪಾಲಾಗದೆ ಉಳಿಯುವುದಲ್ಲವೆ, ಎಂದು ಕೇಳುವರು. ಉಳಿಯುವುದು ಕವಚ ಮಾತ್ರ. ಹೊಸ ಬಣ್ಣದ ಅಡಿಯಲ್ಲಿ ತಯಾರಕರ ಮುದ್ರೆಯು ಹೋಗುವುದು, ಸಂದುಗಳಿಗೆ ಬಣ್ಣವಿಳಿದು ಸನ್ನೆಗೋಲುಗಳು ಬಿಗಿಯುವುವು. ಹಳೆಯ ಆಂಗ್ಲ ಯಂತ್ರಗಳ ದುಂಡು ಕೀಲಿಗಳನ್ನು ಕತ್ತರಿಸಿ ಉಂಗುರ, ಗುಂಡಿಗಳನ್ನು ಮಾಡಿ ಮಾರುವವರೂ ಇದ್ದಾರೆ. ಅವರನ್ನು ಸಂಗ್ರಾಹಕರ ಗುಂಪಿಗೆ ಸೇರಿಸುವುದು ಕಟುಕನನ್ನು ಗೋಪಾಲಕನೆಂದಂತೆ. ಎಲ್ಲಕ್ಕಿಂತ ಹೆಚ್ಚಿನ ಹಾನಿಯು ಒಳ್ಳೆಯ ಮನಸ್ಸಿನವರಿಂದಲೇ ಆಗುವುದು. ಕೀಲಿಯು ಅಂಟಿಕೊಂಡಿತೆಂದೊಡನೆ ಅವರು ಎಣ್ಣೆಯ ಬುಡ್ಡಿಯನ್ನು ತರುವರು. ಅಚ್ಚಿನ ಕಡ್ಡಿಗಳ ಬುಡಗಳು ಕೂಡಿರುವ ಬಾಚಣಿಗೆಯಂಥ ಸೀಳುಗಳಿಗೆ ಎಣ್ಣೆ ಬಿಟ್ಟರೆ ಅಂದು ಯಂತ್ರವು ಸರಾಗವಾಗಿ ಆಡುವುದು. ಕೆಲವು ತಿಂಗಳಲ್ಲಿ ಎಣ್ಣೆಗೆ ಧೂಳು ಕೂಡಿ ಅಂಟಾಗಿ ಎಲ್ಲ ಕಡ್ಡಿಗಳೂ ನಿಲ್ಲುವುವು. ಆ ಸೀಳುಗಳಿಗೆ ಬೇಕಾದುದು ಎಣ್ಣೆಯಲ್ಲ. ಕೊಳೆಯನ್ನು ಕರಗಿಸಿ ಆರಿಹೋಗುವ ದ್ರವ, ಕುಂಚ, ಮತ್ತು ತಾಳ್ಮೆ. ಎಣ್ಣೆಯು ಗಾಡಿಯ ಹಳಿಯಂಥ ಕೆಲವೇ ಸ್ಥಳಗಳಿಗೆ, ಅದೂ ಹನಿಯ ಲೆಕ್ಕದಲ್ಲಿ.

ದುಡ್ಡಿನ ಮಾತನ್ನು ಎತ್ತುವವರಿಗೆ ದೂರದ ಉತ್ತರವೇನೂ ಬೇಡ. ಹೇರೋಹಳ್ಳಿಯಿಂದ ಪೀಣ್ಯದ ಕೈಗಾರಿಕಾ ಪ್ರದೇಶವು ಕೆಲವೇ ಮೈಲಿ. ಸವೆದ ತಿರುಪನ್ನು ತಿರುಗಣೆಯಲ್ಲಿ ಕಡೆದುಕೊಡುವವರು, ಸ್ಪ್ರಿಂಗು ಸುತ್ತುವವರು, ಲೋಹಕ್ಕೆ ಲೇಪ ಹಾಕುವವರು ಅಲ್ಲಿದ್ದಾರೆ. ಕಲ್ಲಿನಂತೆ ಗಟ್ಟಿಯಾದ ಉರುಳೆಯೇ ಹಳೆಯ ಯಂತ್ರದ ಮುಖ್ಯ ವ್ಯಾಧಿ. ಮುದ್ರಣಾಲಯಗಳ ಉರುಳೆಗಳಿಗೆ ರಬ್ಬರು ಕಟ್ಟುವವರು ಅದನ್ನೂ ಕಟ್ಟಬಲ್ಲರು. ಗಾಡಿಯನ್ನೆಳೆಯುವ ಪಟ್ಟಿಯು ಹರಿದಿದ್ದರೆ ಗಟ್ಟಿಯಾದ ದಾರವೇ ಸಾಕಾಗುವುದುಂಟು. ಒಂದೇ ಮಾದರಿಯ ಕನ್ನಡ, ಆಂಗ್ಲ ಯಂತ್ರಗಳ ಶರೀರವು ಬಹುಮಟ್ಟಿಗೆ ಒಂದೇ ಆದುದರಿಂದ, ಕೆಟ್ಟ ಆಂಗ್ಲ ಯಂತ್ರದ ಭಾಗಗಳು ಕನ್ನಡ ಯಂತ್ರಕ್ಕೆ ಬರುವುವು. ಎಲ್ಲಿಂದಲೂ ಬಾರದುದು ಕನ್ನಡದ ಅಚ್ಚುಗಳು. ಕಡ್ಡಿಯ ತುದಿಗೆ ಬೆಸೆದಿರುವ ಆ ಬೆರಳುಗುರಿನಷ್ಟು ಉಕ್ಕಿನ ತುಂಡುಗಳು ಕರಗಿದುವೆಂದರೆ ಮತ್ತೆ ಎರಕ ಹೊಯ್ಯುವವರಿಲ್ಲ. 1955ರಿಂದ ಈ ದೇಶದಲ್ಲಿಯೇ ಬೆರಳಚ್ಚು ಯಂತ್ರವನ್ನು ತಯಾರಿಸುತ್ತಿದ್ದ ಗೋದ್ರೇಜ್ ಕಾರ್ಖಾನೆಯು 2009ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. 2011ರಲ್ಲಿ ಆ ಸುದ್ದಿಯು ಲೋಕವನ್ನೆಲ್ಲ ಸುತ್ತಿದಾಗ ಶೋಕಲೇಖನಗಳು ಹೇರಳವಾಗಿ ಬಂದವು. ಅದೇ ವರ್ಷವೂ ಅನಂತರವೂ ಕನ್ನಡ ಯಂತ್ರಗಳು ಗುಜರಿಗೆ ಹೋಗುವುದು ಮಾತ್ರ ನಿಲ್ಲಲಿಲ್ಲ.

ಆದುದರಿಂದ ಸಂಗ್ರಾಹಕರೆನಿಸಿಕೊಳ್ಳಬಯಸುವವರನ್ನು ಕೇಳಬೇಕಾದ ಪ್ರಶ್ನೆ ಯಂತ್ರಗಳೆಷ್ಟಿವೆ ಎಂಬುದಲ್ಲ. ಅವುಗಳಲ್ಲಿ ಕನ್ನಡದವೆಷ್ಟು, ಅವುಗಳಲ್ಲಿ ಬರೆಯುವಂಥವೆಷ್ಟು ಎಂಬುದು. ಒಂದು ಕನ್ನಡ ಯಂತ್ರವನ್ನು ತಂದವರು ಅದನ್ನು ತೊಳೆಯುವುದಕ್ಕೆ ಮೊದಲು ಹೊಸ ರಿಬ್ಬನ್ನನ್ನು ಹಾಕಿ, ಎಲ್ಲ ಕೀಲಿಗಳನ್ನೂ ಮೇಲಿನ ಕೆಳಗಿನ ಎರಡು ಸ್ಥಾನಗಳಲ್ಲಿಯೂ ಕ್ರಮವಾಗಿ ಒತ್ತಿ ಒಂದು ಹಾಳೆಯಲ್ಲಿ ಅಚ್ಚು ತೆಗೆಯಲಿ. ಸತ್ತ ಕೀಲಿಗಳು ಯಾವುವೆಂದು ಗುರುತು ಹಾಕಲಿ. ಯಂತ್ರದ ಕ್ರಮಸಂಖ್ಯೆಯನ್ನೂ ಅದು ಯಾವ ಊರಿನ ಯಾವ ಬಗೆಯ ಕಚೇರಿಯಿಂದ ಬಂದಿತೆಂಬುದನ್ನೂ ಅಡಿಯಲ್ಲಿ ಬರೆಯಲಿ. ಅಂಥ ಹಾಳೆಯ ಒಂದು ಪ್ರತಿಯನ್ನು ಸಾಹಿತ್ಯ ಸಂಘಗಳು ಪಡೆದು ಕಟ್ಟಿಡುವುದಕ್ಕೆ ಒಂದು ರಟ್ಟಿನ ಕಡತಕ್ಕಿಂತ ಹೆಚ್ಚಿನ ವೆಚ್ಚವಿಲ್ಲ. ಸತ್ತ ಕೀಲಿಯ ಒತ್ತು ಅಕ್ಷರದ ಕೆಳಗೆ ನೇರವಾಗಿ ಬೀಳುವಂತೆ ಕಡ್ಡಿಯನ್ನು ಕೂದಲೆಳೆಯಷ್ಟು ಬಾಗಿಸಿ ಸರಿಪಡಿಸುವ ಕೈಗಳು ಇನ್ನೂ ಕೆಲವಿವೆ. ಅವರೆಲ್ಲರೂ ವಯೋವೃದ್ಧರು, ಅವರ ಬಳಿ ಕಲಿಯಲು ಕುಳಿತ ಹುಡುಗರು ಬೆರಳೆಣಿಕೆಗೂ ಸಿಗುವುದಿಲ್ಲ. ಅರ್ಧ ಅಂಗುಲದ ರಿಬ್ಬನ್ನು ಮಾತ್ರ ಈಗಲೂ ಅಂಗಡಿಯಲ್ಲಿ ದೊರೆಯುವುದು.