ರಿಮೇಕ್‌ಗೂ ಒಂದು ಊರು ಬೇಕು

2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರಪಟ್ಟಿ ಜಾರಿಗೆ ಬಂದಾಗ ನಮ್ಮಂಥ ಕೇಬಲ್‌ನವರು ಮನೆಮನೆಗೆ ಹೋಗಿ, ಯಾವ ಚಾನೆಲ್ ಬೇಕು, ಯಾವುದು ಬೇಡ ಎಂದು ಬರೆದುಕೊಂಡು ಬರಬೇಕಾಯಿತು. ಅಲ್ಲಿಯವರೆಗೆ ಎಲ್ಲ ಚಾನೆಲ್ಲೂ ಒಂದೇ ದುಡ್ಡಿನಲ್ಲಿ ಬರುತ್ತಿದ್ದವು. ಆಗ ತೆರಿಗೆ ಬಿಟ್ಟು 130 ರೂಪಾಯಿಗೆ 100 ಚಾನೆಲ್, ದುಡ್ಡಿನ ಚಾನೆಲ್ ಬೇಕಾದರೆ ಒಂದೊಂದಕ್ಕೂ ಬೇರೆ ಲೆಕ್ಕ ಎಂದಾಯಿತು. ಝೀ ಕನ್ನಡಕ್ಕೆ ಆಗ 19 ರೂಪಾಯಿ, ಝೀ ಮರಾಠಿಗೆ 19, ತೆಲುಗಿನ ಸ್ಟಾರ್ ಮಾಕ್ಕೂ 19. ಮೈಸೂರಿನ ಮನೆಗೆ ಕನ್ನಡದ ಪ್ಯಾಕ್ ಹಾಕಿದರೆ ಕೆಲಸ ಮುಗಿದೀತು. ಬೀದರ್ ಜಿಲ್ಲೆಯ ಹುಮನಾಬಾದ್ ತಾಲೂಕಿನ ನಮ್ಮ ಊರು ಹುಡಗಿಯಲ್ಲಿ ಹಾಗಲ್ಲ. ಒಂದೇ ಮನೆಯಲ್ಲಿ ಸೊಸೆ ಮಹಾರಾಷ್ಟ್ರದ ಉಮರ್ಗಾ ಕಡೆಯಿಂದ ಬಂದವಳು, ಅತ್ತೆ ತೆಲಂಗಾಣದ ಜಹೀರಾಬಾದ್ ಕಡೆಯವಳು, ಮಕ್ಕಳು ಕನ್ನಡ ಸಾಲಿಗೆ ಹೋಗುವವರು, ಮಾವ ದಿನವಿಡೀ ಅಂಗಡಿಯಲ್ಲಿ ಕುಳಿತು ದಖ್ಖನಿಯಲ್ಲಿ ವ್ಯಾಪಾರ ಮಾಡುವವನು. ಇವರಲ್ಲಿ ಯಾರ 19 ರೂಪಾಯಿ ಉಳಿಸುವುದು?

ಒಂದು ಮನೆಯ ವೈನಿ ಪಟ್ಟಿಯ ಮೇಲೆ ಬೆರಳಾಡಿಸಿ ಹೇಳಿದರು: “ಎರಡೂ ಯಾಕ್ರಿ ಅಣ್ಣಾ? ಮರಾಠಿದ್ದು ಇರ್ಲಿ, ಕನ್ನಡದ್ದು ತೆಗೀರಿ. ಇವತ್ತು ಇದ್ರಾಗ ಬಂದಿದ್ದು ನಾಳಿ ಅದ್ರಾಗ ಬರ್ತದ. ನೋಡಿದ್ದೇ ಎಷ್ಟ್ ಸಲ ನೋಡ್ಬೇಕು?” ಅವರದು ಕನ್ನಡ ಮನೆಮಾತು. ತಮ್ಮ ಮಾತಿನ ಚಾನೆಲ್ಲನ್ನು ಬಿಡಲು ಅವರಿಗೆ ಸಿಕ್ಕ ಕಾರಣ ಇದು. ಅಂದಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ಅದೇ ವರ್ಷ ಅವರ ಮಾತು ನಿಜವಾಯಿತು. ಜುಲೈಯಲ್ಲಿ ಝೀ ಮರಾಠಿಯ ‘ತುಲಾ ಪಾಹತೆ ರೇ’ ಧಾರಾವಾಹಿ ಮುಗಿಯಿತು. ಸುಬೋಧ್ ಭಾವೆ ಮಾಡಿದ ವಿಕ್ರಾಂತ್ ಸರಂಜಾಮೆ ಒಳಗೆ ಎಂಥವನು ಎಂಬುದು ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಾಗಿಹೋಗಿತ್ತು. ಸೆಪ್ಟೆಂಬರಿನಲ್ಲಿ ಅದೇ ಕತೆ ‘ಜೊತೆ ಜೊತೆಯಲಿ’ಯಾಗಿ ಕನ್ನಡಕ್ಕೆ ಬಂತು. ಕರ್ನಾಟಕವೆಲ್ಲ ಅದರ ನಾಯಕ ಆರ್ಯವರ್ಧನನ ಗುಟ್ಟೇನು ಎಂದು ಕಾಯುತ್ತಿದ್ದಾಗ ಇಲ್ಲಿ ಆ ಗುಟ್ಟು ಹಳೆಯ ಸುದ್ದಿ. ಮುಂದೆ ಮರಾಠಿಯ ‘ಅಗ್ಗಬಾಯಿ ಸಾಸೂಬಾಯಿ’ ಕನ್ನಡದಲ್ಲಿ ‘ಶ್ರೀರಸ್ತು ಶುಭಮಸ್ತು’ ಆಯಿತು. ಹಿಂದಿಯ ‘ಗುಡ್ಡನ್ ತುಮ್‌ಸೆ ನಾ ಹೋ ಪಾಯೇಗಾ’ ನೋಡಿದವರು ‘ಹಿಟ್ಲರ್ ಕಲ್ಯಾಣ’ ನೋಡಿದರು. ‘ಬಡೆ ಅಚ್ಛೆ ಲಗ್ತೆ ಹೈ’ ಹೋಗಿ ‘ಅಮೃತಧಾರೆ’ ಬಂತು, ತೆಲುಗಿನ ‘ರಾಧಮ್ಮ ಕೂತುರು’ ಹೋಗಿ ‘ಪುಟ್ಟಕ್ಕನ ಮಕ್ಕಳು’ ಬಂತು. ಬೇರೆ ಕಡೆಯ ಪ್ರೇಕ್ಷಕರಿಗೆ ಇವೆಲ್ಲ ಹೊಸ ಕತೆಗಳು. ಬೀದರ್ ಜಿಲ್ಲೆಯವರು ಮಾತ್ರ ಮೂಲ ಮತ್ತು ರಿಮೇಕ್ ಎರಡನ್ನೂ ರಿಮೋಟಿನ ಎರಡು ಗುಂಡಿಗಳಲ್ಲಿ ಇಟ್ಟುಕೊಂಡು ಕುಳಿತಿರುತ್ತಾರೆ. ಹಾಗಾಗಿ ರಿಮೇಕ್ ಬಗ್ಗೆ ಮಾತಾಡುವ ಹಕ್ಕು ನಮಗೆ ಇತರರಿಗಿಂತ ಒಂದು ತೂಕ ಹೆಚ್ಚೇ ಇದೆ ಎಂದು ನಾನು ನಂಬಿದ್ದೇನೆ.

ರಿಮೇಕ್ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾಟಕಕಾರ ಪರ್ವತವಾಣಿಯವರು ಶೇಕ್ಸ್‌ಪಿಯರ್‌ನ ನಾಟಕವೊಂದನ್ನು ‘ಬಹದ್ದೂರ್ ಗಂಡ’ ಮಾಡಿದಾಗ ಅದು ಪೂರ್ತಿ ಕನ್ನಡದ ನಗೆಯಾಗಿತ್ತು. 1960ರ ದಶಕದಲ್ಲಿ ಸಾಹಿತಿ ಅನಕೃ ಅವರಂಥವರು ನಿಂತು ಡಬ್ಬಿಂಗ್ ತಡೆದದ್ದರಿಂದ ಪರಭಾಷೆಯ ಕತೆ ಕನ್ನಡಕ್ಕೆ ಬರಬೇಕಾದರೆ ಇಲ್ಲಿನ ನಟರೇ ನಟಿಸಬೇಕು, ಇಲ್ಲಿನವರೇ ಸಂಭಾಷಣೆ ಬರೆಯಬೇಕು ಎಂದಾಯಿತು. ಅದರಿಂದ ನೂರಾರು ಕುಟುಂಬ ಅನ್ನ ಉಂಡಿವೆ. ಆದರೆ ಆ ಕಾಲ ಮುಗಿದಿದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದಿತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಕನ್ನಡ ಮಾತಾಡಿತು. ಅದರ ಬೆನ್ನಿಗೇ ‘ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್’ ಬಂದಾಗ ಊರೂರಿನಲ್ಲಿ ಜನ ತಮ್ಮ ದುಡ್ಡಿನಲ್ಲಿ ಬ್ಯಾನರ್ ಕಟ್ಟಿದರು. ಅದು ಡಬ್ ಮಾಡಿದ್ದೆಂದು ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಎದೆಗೆ ಹಚ್ಚಿಕೊಂಡು ನೋಡಿದರು. ಕತೆ ತರುವ ಕೆಲಸಕ್ಕೆ ಈಗ ಡಬ್ಬಿಂಗ್ ಸಾಕು, ಖರ್ಚೂ ಕಡಿಮೆ. ಹಾಗಿದ್ದರೆ ಹೊಸ ಸೆಟ್ಟು, ಹೊಸ ನಟರು, ಹೊಸ ಬಟ್ಟೆಬರೆ ಎಂದು ಮತ್ತೆ ಮಾಡುವುದಾದರೂ ಏತಕ್ಕೆ? ನನಗೆ ಕಾಣುವ ಉತ್ತರ ಒಂದೇ: ಆ ಕತೆಯನ್ನು ನಮ್ಮ ಊರಿನಲ್ಲಿ ನಡೆಸುವುದಕ್ಕೆ. ಅದನ್ನು ಮಾಡದ ರಿಮೇಕ್ ಡಬ್ಬಿಂಗ್‌ಗಿಂತ ಕಡೆ.

ಟಿ.ವಿ.ಯವರಿಗೆ ಈ ಪಾಠ ಹೊಸದಲ್ಲ. ಬ್ರಿಟನ್ನಿನ ಹಾಸ್ಯ ಧಾರಾವಾಹಿಗಳನ್ನು ಅಮೆರಿಕದವರು ಐವತ್ತು ವರ್ಷಕ್ಕೂ ಮೇಲ್ಪಟ್ಟು ತಮ್ಮಲ್ಲಿಗೆ ತಂದುಕೊಳ್ಳುತ್ತಿದ್ದಾರೆ. ಎರಡೂ ಕಡೆ ಇಂಗ್ಲಿಷೇ, ಹಾಗೇ ತೋರಿಸಿದರೂ ಅರ್ಥವಾಗುತ್ತದೆ. ಆದರೂ ಮತ್ತೆ ಮಾಡುತ್ತಾರೆ. ಬಿಬಿಸಿಯ ‘ಸ್ಟೆಪ್ಟೋ ಆ್ಯಂಡ್ ಸನ್’ 1962ರದು, ಲಂಡನ್ನಿನ ಶೆಪರ್ಡ್ಸ್ ಬುಷ್‌ನಲ್ಲಿ ಕುದುರೆ ಗಾಡಿ ಇಟ್ಟುಕೊಂಡು ಗುಜರಿ ಆಯುವ ಅಪ್ಪ ಮಗನ ಜಗಳ. 1972ರಲ್ಲಿ ಅಮೆರಿಕದವರು ಇದನ್ನು ‘ಸ್ಯಾನ್‌ಫರ್ಡ್ ಆ್ಯಂಡ್ ಸನ್’ ಎಂದು ಮಾಡುವಾಗ ಲಾಸ್ ಏಂಜಲೀಸ್‌ನ ವಾಟ್ಸ್ ಎಂಬ ಕರಿಯರ ಬಡಾವಣೆಗೆ ಒಯ್ದರು. ಆ ಬಡಾವಣೆ 1965ರ ಗಲಭೆಯಲ್ಲಿ ಹೊತ್ತಿ ಉರಿದಿತ್ತು. ಗುಜರಿ ಅದೇ, ಅಪ್ಪ ಮಗ ಅವರೇ. ಆದರೆ ರೆಡ್ ಫಾಕ್ಸ್ ಎಂಬ ಕರಿಯ ನಟ ಎದೆ ಹಿಡಿದುಕೊಂಡು ಸತ್ತೇಹೋಗುತ್ತೇನೆ ಎಂದು ಕೂಗಿದಾಗ ಆ ದೇಶದವರು ತಮ್ಮದೇ ಬೀದಿಯ ಮುದುಕನನ್ನು ಕಂಡರು. ಇನ್ನೊಂದು ಬ್ರಿಟಿಷ್ ಧಾರಾವಾಹಿಯ ನಾಯಕ, ಲಂಡನ್ ಬಂದರಿನ ಹತ್ತಿರದ ಬಾಯಿಬಡುಕ ಆಲ್ಫ್ ಗಾರ್ನೆಟ್‌ನನ್ನು ನಿರ್ಮಾಪಕ ನಾರ್ಮನ್ ಲಿಯರ್ ನ್ಯೂಯಾರ್ಕಿನ ಕ್ವೀನ್ಸ್‌ಗೆ ತಂದು ಆರ್ಚಿ ಬಂಕರ್ ಮಾಡಿದ್ದೂ ಹೀಗೆಯೇ. ಆರ್ಚಿಯ ಧಾರಾವಾಹಿ 1971ರಿಂದ 1979ರವರೆಗೆ ನಡೆಯಿತು.

ಸೋತವೂ ಇವೆ. ಬ್ರಿಟನ್ನಿನ ‘ಕಪ್ಲಿಂಗ್’ನ ಸಂಭಾಷಣೆಯನ್ನು ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡು 2003ರಲ್ಲಿ ಅಮೆರಿಕದಲ್ಲಿ ಶುರುಮಾಡಿದರು, ನಾಲ್ಕು ಕಂತಿಗೆ ನಿಂತುಹೋಯಿತು. ‘ದಿ ಆಫೀಸ್’ನ ಕತೆ ಇವೆರಡರ ನಡುವಿನದು. 2005ರಲ್ಲಿ ಬಂದ ಅಮೆರಿಕದ ಮೊದಲ ಕಂತು ಬ್ರಿಟಿಷ್ ಕಂತಿನ ಪಡಿಯಚ್ಚು, ಆ ವರ್ಷ ಅದನ್ನು ಮೆಚ್ಚಿದವರೂ ಕಡಿಮೆ. ಬರೆಯುವವರು ಮೂಲವನ್ನು ಬದಿಗಿಟ್ಟು ಸ್ಕ್ರಾಂಟನ್ ಎಂಬ ಸಾಧಾರಣ ಊರಿನ ಚಳಿ, ಸಾಲ, ಕಚೇರಿಯ ಪಾರ್ಟಿಗಳ ಬಗ್ಗೆ ಬರೆಯತೊಡಗಿದ ಮೇಲೆ ಅದು ಎದ್ದು ನಿಂತಿತು. 2013ರವರೆಗೆ 201 ಕಂತು ಓಡಿತು.

ನಮ್ಮ ಕನ್ನಡದ್ದೇ ನಿದರ್ಶನ ಬೇಕೆಂದರೆ ‘ಒಂದು ಮೊಟ್ಟೆಯ ಕಥೆ’ ಇದೆ. 2017ರಲ್ಲಿ ರಾಜ್ ಬಿ. ಶೆಟ್ಟಿ ಮಾಡಿದ ಚಿತ್ರ. ಮಂಗಳೂರಿನ ಬೋಳುತಲೆಯ ಕನ್ನಡ ಉಪನ್ಯಾಸಕ ಜನಾರ್ದನ, ಅವನಿಗೆ ಹೆಣ್ಣು ಹುಡುಕುವ ಪಾಡು. ಅವನಿಗೆ ಡಾ. ರಾಜ್‌ಕುಮಾರ್ ಅಂದರೆ ಪ್ರಾಣ. 2019ರಲ್ಲಿ ಇದೇ ಕತೆ ಹಿಂದಿಯಲ್ಲಿ ‘ಉಜಡಾ ಚಮನ್’ ಆಯಿತು, ಮಲಯಾಳದಲ್ಲಿ ‘ತಮಾಶ’ ಆಯಿತು. ಹಿಂದಿಯವರು ದೆಹಲಿಯ ಪಂಜಾಬಿ ಮನೆಯೊಂದನ್ನು ಇಟ್ಟುಕೊಂಡು ಕತೆಯ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರು. ಅದರಲ್ಲಿ ಗದ್ದಲ ಹೆಚ್ಚು, ನಗು ಕಡಿಮೆ. ಮಲಯಾಳದ ಅಶ್ರಫ್ ಹಂಝಾ ಮಾತ್ರ ಕತೆಯ ಅರ್ಧದಲ್ಲಿ ದಾರಿ ಬದಲಿಸಿದರು. ದಪ್ಪಗಿರುವ ಹುಡುಗಿಯೊಬ್ಬಳ ಫೋಟೊಗೆ ಫೇಸ್‌ಬುಕ್‌ನಲ್ಲಿ ಜನ ಬರೆಯುವ ಹೊಲಸು ಮಾತುಗಳ ಕಡೆಗೆ ಅದನ್ನು ಹೊರಳಿಸಿದರು. ಮೂಲದ ಋಣ ಒಪ್ಪಿಕೊಂಡು, ಮೂಲದಲ್ಲಿಲ್ಲದ್ದನ್ನು ಸೇರಿಸಿದ ಚಿತ್ರ ಅದು. ಕನ್ನಡದ ಕತೆಗೆ ಮಲಯಾಳದವರು ಕೊಟ್ಟ ಆ ಮರ್ಯಾದೆಯನ್ನು ಕನ್ನಡದ ಚಾನೆಲ್‌ಗಳು ಬೇರೆಯವರ ಕತೆಗೆ ಕೊಡುತ್ತಿವೆಯೇ?

ಕೊಡುವುದು ಅಪರೂಪ. ಅವರ ರಿಮೇಕ್ ಎಂದರೆ ದೊಡ್ಡ ಮೆಟ್ಟಿಲಿನ ಬಂಗಲೆ, ನಡುಮನೆಯಲ್ಲಿ ಸಾಲಾಗಿ ನಿಂತ ಎಂಟು ಮಂದಿ, ಯಾವ ಜಿಲ್ಲೆಗೂ ಸೇರದ ಕನ್ನಡ. ಆ ಮನೆಯ ಹೊರಗೆ ಯಾವ ಬೀದಿ ಇದೆ, ಅವರು ಕಾಯಿಪಲ್ಯ ಎಲ್ಲಿ ತರುತ್ತಾರೆ, ಹೊಲ ಎಲ್ಲಿದೆ, ಒಂದೂ ಗೊತ್ತಾಗುವುದಿಲ್ಲ. ಅಳುವ ದೃಶ್ಯ ಇಷ್ಟರಲ್ಲೇ ನಡೆದುಹೋಗುತ್ತದೆ, ತಾಯಿ ಮಗಳು ತಬ್ಬಿಕೊಂಡು ಅತ್ತರೆ ಯಾರ ಕಣ್ಣಾದರೂ ಒದ್ದೆಯಾಗುತ್ತದೆ. ನಗುವಿಗೆ ಇದು ಸಾಲದು. ಆಗ ಬರೆಯುವವರಿಗೆ ನಾವು ನೆನಪಾಗುತ್ತೇವೆ. ಮನೆಯ ಅಡುಗೆಯವನೋ ಕಾವಲುಗಾರನೋ ಡ್ರೈವರೋ ಉತ್ತರ ಕರ್ನಾಟಕದವನಾಗಿ ಬಂದು ‘ಹಂಗ, ಹಿಂಗ, ಮಾಡಾಕತ್ತೀನ್ರಿ’ ಎನ್ನುತ್ತಾನೆ, ಹಿನ್ನೆಲೆಯಲ್ಲಿ ತಮಾಷೆಯ ಸಂಗೀತ ಕೇಳಿಬರುತ್ತದೆ. ಅವನ ಮಾತು ಧಾರವಾಡದ್ದೂ ಅಲ್ಲ, ರಾಯಚೂರಿನದ್ದೂ ಅಲ್ಲ, ನಮ್ಮ ‘ಬರ್ಲತಾರ, ಹೋಗ್ಲತೀನಿ’ಯಂತೂ ಅಲ್ಲವೇ ಅಲ್ಲ. ನಮ್ಮ ಮನೆಯ ಮಕ್ಕಳು ಇದನ್ನು ನೋಡಿ ಬೆಂಗಳೂರಿಗೆ ಕಾಲೇಜಿಗೆ ಹೋದಾಗ ಬಾಯಿ ಬಿಗಿಹಿಡಿದು ಮಾತಾಡುತ್ತಾರೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಆದರೂ ಚಾನೆಲ್‌ನವರಿಗೆ ಕೈಲಾಗದ ಕೆಲಸ ಇದಲ್ಲ. ‘ಪುಟ್ಟಕ್ಕನ ಮಕ್ಕಳು’ ತೆಲುಗಿನಿಂದ ಬಂದದ್ದೆಂದು ಗೊತ್ತಿದ್ದೂ ನಮ್ಮ ಓಣಿಯವರು ಅದನ್ನು ಬಿಡಲಿಲ್ಲ. ಉಮಾಶ್ರೀಯವರ ಪುಟ್ಟಕ್ಕ ಮೆಸ್ ನಡೆಸುವ ಹೆಂಗಸು, ಆಕೆಗೆ ಹಳೇ ಮೈಸೂರು ಸೀಮೆಯ ಹಳ್ಳಿ ಇದೆ, ಅಲ್ಲಿನ ಮಾತಿದೆ. ಬಡ್ಡಿ ವ್ಯವಹಾರದ ಬಂಗಾರಮ್ಮನಾಗಿ ಬಂದ ಮಂಜುಭಾಷಿಣಿಯವರನ್ನು ‘ಸಿಲ್ಲಿ ಲಲ್ಲಿ’ಯ ಸಮಾಜ ಸೇವಕಿ ಲಲಿತಾಂಬ ಆಗಿ ನೋಡಿ ನಕ್ಕವರೇ ನಾವೆಲ್ಲ.  ರಾಗಿಮುದ್ದೆಯ ಸೀಮೆ ನಮ್ಮದಲ್ಲದಿದ್ದರೂ ಪುಟ್ಟಕ್ಕನ ಮನೆ ಒಂದು ಊರಿನಲ್ಲಿದೆ ಎಂದು ನಮಗೆ ನಂಬಿಕೆ ಬಂತು. ಮಂಡ್ಯದ ಕಡೆಗೆ ಒಯ್ಯಬಹುದಾದ ಕತೆಯನ್ನು ಬೀದರ್ ಕಡೆಗೂ ತರಬಹುದು.

ನಮ್ಮ ಎರಡೂ ಮಗ್ಗುಲಿನವರು ಇದನ್ನು ಆಗಲೇ ಮಾಡಿದ್ದಾರೆ. ಮರಾಠಿಯ ಹಾಸ್ಯ ಕಾರ್ಯಕ್ರಮ ‘ಚಲಾ ಹವಾ ಯೇವೂ ದ್ಯಾ’ದಲ್ಲಿ ಭಾರತ್ ಗಣೇಶಪುರೆ ವಿದರ್ಭದ ವರ್ಹಾಡಿಯಲ್ಲೇ ಮಾತಾಡಿ ಇಡೀ ಮಹಾರಾಷ್ಟ್ರವನ್ನು ನಗಿಸಿದರು. ತೆಲುಗು ಸಿನಿಮಾದಲ್ಲಿ ಒಂದು ಕಾಲಕ್ಕೆ ತೆಲಂಗಾಣದ ಮಾತು ರೌಡಿಗೆ, ಇಲ್ಲವೇ ಕಾಮಿಡಿಯವನಿಗೆ ಮೀಸಲು. 2017ರ ‘ಫಿದಾ’ದಲ್ಲಿ ಸಾಯಿ ಪಲ್ಲವಿ ಬಾನ್ಸವಾಡದ ಹುಡುಗಿಯಾಗಿ ಅದೇ ಮಾತಿನಲ್ಲಿ ನಾಯಕಿಯಾದಳು. 2023ರಲ್ಲಿ ‘ಜಬರ್ದಸ್ತ್’ ಹಾಸ್ಯದ ವೇದಿಕೆಯಿಂದ ಬಂದ ವೇಣು ಯೆಲ್ದಂಡಿ ‘ಬಲಗಂ’ ಮಾಡಿದರು, ತೆಲಂಗಾಣದ ಹಳ್ಳಿಗಳಲ್ಲಿ ಜನ ಬಯಲಿನಲ್ಲಿ ಪರದೆ ಕಟ್ಟಿ ಅದನ್ನು ನೋಡಿದರು. ಅವರೂ ನಾವೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಅವರ ಮಾತು ಪರದೆಯ ನಡುವಿಗೆ ಬಂದಿದೆ. ನಮ್ಮದು ಇನ್ನೂ ಕಾವಲುಗಾರನ ಬಾಯಲ್ಲಿದೆ, ಅದೂ ತಪ್ಪುತಪ್ಪಾಗಿ.

ನಮ್ಮ ಮಾತು ಹೇಗಿದೆ ಎಂದು ತಿಳಿಯಲು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತರೆ ಸಾಕು. ತುಂಬಿದ ಬಸ್ಸಿನಲ್ಲಿ ಕಂಡಕ್ಟರು ಒಂದೇ ಉಸಿರಿಗೆ “ಹಿಂದ ಸರೀರಿ, ಪೀಛೆ ಸರ್ಕೋ, ಮಾಗೆ ಸರಕಾ” ಎನ್ನುತ್ತಾನೆ. ಯಾರಿಗೆ ಯಾವುದು ಹೇಳಬೇಕೆಂದು ಮುಖ ನೋಡಿಯೇ ಅವನಿಗೆ ಗೊತ್ತು. “ಚಾಚಾ, ಪುಢೆ ಬರ್ರಿ” ಎಂದು ಎರಡು ಮೂರು ಭಾಷೆ ಒಂದೇ ಮಾತಿನಲ್ಲಿ ಬೆರೆತರೂ ಚಾಚಾ ಮುಂದೆ ಬರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಈ ಮಾತನ್ನು ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತು ಬರೆಯಲಾಗದು.

ಚಾನೆಲ್‌ಗಳಲ್ಲಿ ಕತೆ ಆರಿಸುವವರಿಗೆ ನನ್ನದೊಂದು ಬೇಡಿಕೆ ಇದೆ. ಕಚೇರಿಯ ಹಾಸ್ಯ ಬೇಕೆಂದರೆ ‘ದಿ ಆಫೀಸ್’ನ್ನೇ ತನ್ನಿ, ಹಿಂದಿಯವರು 2019ರಲ್ಲಿ ಅದನ್ನು ಫರೀದಾಬಾದಿಗೆ ತಂದರಲ್ಲ, ಹಾಗೆ. ಆದರೆ ಅದನ್ನು ನಮ್ಮ ಕಡೆಯ ಒಂದು ತಹಶೀಲ್ ಕಚೇರಿಯಲ್ಲಿ ಕೂಡಿಸಿ. ಹಾಸನದ ಕಡೆಯಿಂದ ವರ್ಗವಾಗಿ ಬಂದ ಸಾಹೇಬರಿದ್ದಾರೆ, ಅವರಿಗೆ ‘ಬರ್ಲತಾರ’ ಎಂದರೆ ಬರುತ್ತಾರೋ ಬರುವುದಿಲ್ಲವೋ ತಿಳಿಯದು. ಮೇಜಿನ ಮೇಲೆ ನಿಜಾಮರ ಕಾಲದ ಉರ್ದು ಕಾಗದ, ಅಣ್ಣತಮ್ಮಂದಿರ ಹೊಲದ ಜಗಳ ಆ ಕಾಗದದೊಳಗಿದೆ. ಹೊರಗೆ ವರಾಂಡದಲ್ಲಿ 371(ಜೆ) ಮೀಸಲಾತಿಯ ಪ್ರಮಾಣಪತ್ರಕ್ಕೆ ಪಾಳಿ ಹಚ್ಚಿದ ಹುಡುಗರು. ಆ ಉರ್ದು ಓದಬಲ್ಲವರು ಒಬ್ಬರೇ, ಎಂದೋ ನಿವೃತ್ತರಾದ ಮುದಿ ಮುನ್ಶಿ. ಅವರು ಚಹಾ ಬರದೆ ಕನ್ನಡಕ ಹಾಕುವುದಿಲ್ಲ. ಸಾಹೇಬರು ಅವಸರ ಮಾಡಿದರೆ “ಸಾಹೇಬ್ರ, ಈ ಜಮೀನು ಮೂರು ಸರ್ಕಾರ ನೋಡ್ಯಾದ, ಒಂದು ಕಪ್ ಚಹಾ ತಡಕೋತದ” ಎನ್ನುತ್ತಾರೆ. ಹೀಗೆ ಬರೆಯಲು ಕಲಬುರಗಿ, ಬೀದರ್, ಬಸವಕಲ್ಯಾಣದಲ್ಲಿ ಹುಡುಗ ಹುಡುಗಿಯರಿದ್ದಾರೆ. ಆಡಿಷನ್ನನ್ನು ಒಂದು ಸಲ ಇಲ್ಲಿ ಇಡಿ, ಬರಹಗಾರರ ಕೋಣೆಯಲ್ಲಿ ಇಲ್ಲಿಯವರಿಬ್ಬರಿಗೆ ಕುರ್ಚಿ ಹಾಕಿ.

ಮುನ್ಶಿಯ ಪಾತ್ರಕ್ಕೆ ಹುಡುಕಾಡಬೇಕಿಲ್ಲ. ನಮ್ಮ ಜಿಲ್ಲೆಯ ವೈಜನಾಥ ಬಿರಾದಾರ್ ಇದ್ದಾರೆ. ದಶಕಗಟ್ಟಲೆ ಅವರಿಗೆ ಭಿಕ್ಷುಕನ, ಕುಡುಕನ ಪಾತ್ರವನ್ನೇ ಕೊಟ್ಟರು. 2010ರಲ್ಲಿ ಗಿರೀಶ್ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ಯಲ್ಲಿ ಅವರನ್ನು ನಾಯಕ ಮಾಡಿದಾಗ ಸ್ಪೇನಿನ ಚಿತ್ರೋತ್ಸವವೊಂದು ಕರೆದು ಪ್ರಶಸ್ತಿ ಕೊಟ್ಟಿತು. ಅವರ ಬಾಯಿಗೆ ಅವರ ಊರಿನ ಮಾತು ಕೊಟ್ಟು, ಒಂದು ಧಾರಾವಾಹಿಯ ನಡುವೆ ಅವರನ್ನು ಕೂಡಿಸಲಿ. ಆ ಚಾನೆಲ್‌ನ 19 ರೂಪಾಯಿಯನ್ನು ನಮ್ಮ ಓಣಿಯ ಪ್ರತಿ ಮನೆಯಿಂದ ಬರೆಸಿಕೊಂಡು ಬರುವ ಜವಾಬ್ದಾರಿ ನನ್ನದು.