ಅರ್ಧ ಸೆಕೆಂಡಿನ ಅನುಮಾನ

ಅರ್ಧ ಸೆಕೆಂಡು ಎಂದರೆ ಎಷ್ಟು ಹೊತ್ತು? ನಿಂತವರ ಕೈಯಿಂದ ಲೋಟ ಜಾರಿದರೆ ಅದು ನಾಲ್ಕಡಿ ಕೆಳಗಿನ ನೆಲ ಮುಟ್ಟುವಷ್ಟು ಹೊತ್ತು. ಒಂಬತ್ತನೇ ತರಗತಿಯ ಸೂತ್ರ ನೆನಪಿರುವವರು ಲೆಕ್ಕ ಹಾಕಿ ನೋಡಬಹುದು. ಬಸ್ಸು ಅರ್ಧ ಗಂಟೆ ತಡವಾದರೂ ಯಾರೂ ಏಕೆಂದು ಕೇಳದ ಈ ಲೋಕದಲ್ಲಿ ಅರ್ಧ ಸೆಕೆಂಡಿಗೆ ತಲೆ ಕೆಡಿಸಿಕೊಳ್ಳುವವರು ಯಾರು?

2024ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಬ್ಬ ಪುಣ್ಯಾತ್ಮ ಕೆಡಿಸಿಕೊಂಡ. ಹೆಸರು ಆಂಡ್ರೆಸ್ ಫ್ರಾಯಿಂಡ್. ಮೈಕ್ರೋಸಾಫ್ಟ್ ಕಂಪನಿಯ ನೌಕರ. ಪೋಸ್ಟ್‌ಗ್ರೆಸ್ ಎಂಬ, ಮಾಹಿತಿ ಕೂಡಿಡುವ ತಂತ್ರಾಂಶದ ಕೆಲಸ ಅವನದು. ಅಂದು ಆತ ಅದರ ವೇಗವನ್ನು ಅಳೆಯುತ್ತಿದ್ದ. ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ತಕ್ಕಡಿ ಹಿಡಿದವರು ಮೊದಲು ಫ್ಯಾನ್ ಆರಿಸುತ್ತಾರಲ್ಲ, ಹಾಗೆ ಕಂಪ್ಯೂಟರಿನ ವೇಗ ಅಳೆಯುವವರು ಅದರೊಳಗಿನ ಬೇರೆಲ್ಲ ಗದ್ದಲವನ್ನು ನಿಲ್ಲಿಸಬೇಕು. ಎಲ್ಲ ನಿಲ್ಲಿಸಿದರೂ ಒಂದು ಕೆಲಸ ಮಾತ್ರ ಪ್ರೊಸೆಸರನ್ನು ತಿನ್ನುತ್ತಲೇ ಇತ್ತು. ಅದು ಎಸ್‌ಎಸ್‌ಎಚ್.

ಎಸ್‌ಎಸ್‌ಎಚ್ ಎಂದರೆ ದೂರದಲ್ಲಿರುವ ಕಂಪ್ಯೂಟರಿನೊಳಕ್ಕೆ ಹೋಗುವ ಬಾಗಿಲು ಮತ್ತು ಆ ಬಾಗಿಲಿನ ಕಾವಲುಗಾರ. ಇಂಟರ್‌ನೆಟ್ಟಿಗೆ ತೆರೆದುಕೊಂಡ ಯಾವುದೇ ಯಂತ್ರದ ಈ ಬಾಗಿಲನ್ನು ಹಗಲು ರಾತ್ರಿ ಯಾರಾದರೂ ತಟ್ಟುತ್ತಲೇ ಇರುತ್ತಾರೆ. ಬೀದಿಯ ಮನೆಗಳ ಚಿಲಕವನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಾ ಹೋಗುವ ಕಳ್ಳರ ಹಾಗೆ, ಬಾಯಿಗೆ ಬಂದ ಹೆಸರು ಹೇಳಿ ಒಳಗೆ ನುಗ್ಗಲು ನೋಡುತ್ತಾರೆ. ಇದು ಹೊಸತಲ್ಲ. ಹಾಗೆ ಬಂದವರಿಗೆ ಕಾವಲುಗಾರ ಥಟ್ಟನೆ 'ಇಲ್ಲ, ಹೋಗು' ಎನ್ನಬೇಕು. ಆದರೆ ಇಲ್ಲಿ ಅವನು ಇಲ್ಲವೆನ್ನುವುದಕ್ಕೂ ಏನನ್ನೋ ಯೋಚಿಸುತ್ತಿದ್ದ. ಮೊದಲು 0.299 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ 0.807 ಸೆಕೆಂಡು!

ಬೇರೆ ಯಾರೇ ಆಗಿದ್ದರೂ ಯಂತ್ರ ಹಳೆಯದಾಯಿತು ಎಂದುಕೊಂಡು ಕಾಫಿಗೆ ಏಳುತ್ತಿದ್ದರು. ಫ್ರಾಯಿಂಡ್ ಏಳಲಿಲ್ಲ. ಕೆಲವು ವಾರಗಳ ಹಿಂದೆ ಇನ್ನೊಂದು ಪರೀಕ್ಷೆಯಲ್ಲಿ ಅರ್ಥವಾಗದ ಒಂದು ತಕರಾರು ಬಂದಿದ್ದದ್ದೂ ನೆನಪಾಯಿತು. ಎರಡನ್ನೂ ಹಿಡಿದು ದಾರ ಎಳೆಯುತ್ತಾ ಹೋದಂತೆ ಅದು ಕಾವಲುಗಾರನನ್ನು ಬಿಟ್ಟು, ಅವನ ಚೀಲದೊಳಗಿದ್ದ ಮತ್ತೊಂದು ಪುಟ್ಟ ತಂತ್ರಾಂಶದ ಕಡೆಗೆ ಹೋಯಿತು. ಅದರ ಹೆಸರು ಎಕ್ಸ್‌ಝಡ್.

ಎಕ್ಸ್‌ಝಡ್ ಮಾಡುವುದು ಬಹಳ ಸಾಧು ಕೆಲಸ. ದೊಡ್ಡ ಕಡತವನ್ನು ಒತ್ತಿ ಚಿಕ್ಕದು ಮಾಡುವುದು, ಬೇಕೆಂದಾಗ ಮತ್ತೆ ಮೊದಲಿನಂತೆ ಬಿಡಿಸುವುದು. ದಾಸರ ಪದಗಳ ಪುಸ್ತಕ ತೆರೆದರೆ ಇದರ ಗುಟ್ಟು ಕಾಣುತ್ತದೆ. ಪಲ್ಲವಿಯನ್ನು ಒಂದೇ ಸಲ ಅಚ್ಚು ಹಾಕಿರುತ್ತಾರೆ. ಆಮೇಲೆ ಪ್ರತಿ ಚರಣದ ಕೊನೆಗೂ ಬರೀ ಒಂದು ಗುರುತು. ಹಾಡುವವರು ಗುರುತು ಕಂಡಲ್ಲಿ ಇಡೀ ಪಲ್ಲವಿ ಹಾಡಿಕೊಳ್ಳುತ್ತಾರೆ. ಕಾಗದ ಉಳಿಯಿತು, ಹಾಡಿಗೇನೂ ಕೊರತೆಯಾಗಲಿಲ್ಲ. ಎಕ್ಸ್‌ಝಡ್ ಕೂಡ ಕಡತದಲ್ಲಿ ಮರುಕಳಿಸುವ ತುಣುಕುಗಳನ್ನು ಹುಡುಕಿ 'ಹಿಂದೆ ಇಂಥ ಕಡೆ ಇದೆ, ನೋಡಿಕೋ' ಎಂದು ಗುರುತು ಹಾಕುತ್ತದೆ. ಲೋಕದ ಸರ್ವರುಗಳಲ್ಲಿ ದೊಡ್ಡ ಪಾಲು ನಡೆಯುವುದು ಲಿನಕ್ಸ್ ಮೇಲೆ. ಆ ಲಿನಕ್ಸ್ ಇದ್ದಲ್ಲೆಲ್ಲ ಎಕ್ಸ್‌ಝಡ್ ಇದ್ದೇ ಇರುತ್ತದೆ ಎಂದರೂ ನಡೆದೀತು. ಹೆಸರು ಕೇಳಿದವರು ಕಡಿಮೆ, ಬಳಸದವರು ಇನ್ನೂ ಕಡಿಮೆ.

ಇಷ್ಟು ದೊಡ್ಡ ಭಾರ ಹೊತ್ತ ಈ ತಂತ್ರಾಂಶವನ್ನು ನೋಡಿಕೊಳ್ಳಲು ಎಷ್ಟು ಜನ ಇದ್ದರು? ಒಬ್ಬ. ಫಿನ್ಲೆಂಡಿನ ಲಾಸ್ಸೆ ಕಾಲಿನ್. ಸಂಬಳವಿಲ್ಲ, ಕಚೇರಿಯಿಲ್ಲ. 2009ರಿಂದ ಬಿಡುವಿನ ವೇಳೆಯಲ್ಲಿ ಮಾಡಿಕೊಂಡು ಬಂದ ಹವ್ಯಾಸ. ರಾಂಡಲ್ ಮನ್ರೋ ಎಂಬ ವ್ಯಂಗ್ಯಚಿತ್ರಕಾರ 2020ರಲ್ಲಿ ಬರೆದ ಚಿತ್ರವೊಂದು ಕಂಪ್ಯೂಟರ್ ಮಂದಿಯ ನಡುವೆ ಬಹಳ ಓಡಾಡಿದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದ ಗೋಪುರ, ಅದೇ ಇಂದಿನ ಡಿಜಿಟಲ್ ಲೋಕ. ಬುಡದಲ್ಲಿ ಕಡ್ಡಿಯಂಥ ಒಂದು ತುಂಡು ಇಡೀ ಗೋಪುರವನ್ನು ಎತ್ತಿ ನಿಲ್ಲಿಸಿದೆ. ಎಲ್ಲೋ ಮೂಲೆಯಲ್ಲಿ ಯಾರೋ ಒಬ್ಬ, ಶಭಾಸ್ ಎನ್ನುವವರಿಲ್ಲದೆ, 2003ರಿಂದ ಅದನ್ನು ನೋಡಿಕೊಂಡು ಬಂದಿದ್ದಾನೆ. ಜನ ನಕ್ಕರು, ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡರು. ಕಡ್ಡಿಗೆ ಊರೆಗೋಲು ಕೊಡಬೇಕೆಂದು ಹೆಚ್ಚಿನವರಿಗೆ ಹೊಳೆಯಲಿಲ್ಲ.

ಹೊಳೆದದ್ದು ಬೇರೊಬ್ಬನಿಗೆ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನ ಸಹಾಯಕ ಕಾಣಿಸಿಕೊಂಡ. ಸಣ್ಣಪುಟ್ಟ ತಿದ್ದುಪಡಿ ಕಳಿಸಿದ. ಒಳ್ಳೆಯ ಕೆಲಸ, ವಿನಯದ ಮಾತು. ಮರುವರ್ಷ, 2022ರ ಬೇಸಿಗೆಯಲ್ಲಿ, ಕಾಲಿನ್‌ಗೆ ಗದರಿಸುವ ಪತ್ರಗಳು ಶುರುವಾದವು. ಕೆಲಸ ನಿಧಾನವಾಗುತ್ತಿದೆ, ಆಸಕ್ತಿ ಇಲ್ಲದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಬಾರದೆ, ಎಂಬ ಧಾಟಿ. ಬರೆದವರಲ್ಲಿ ಒಬ್ಬನ ಹೆಸರು ಜಿಗರ್ ಕುಮಾರ್! ಆ ಹೆಸರಿನ ಹಿಂದೆ ನಿಜವಾಗಿ ಒಬ್ಬ ಮನುಷ್ಯ ಇದ್ದನೇ ಎಂಬುದೇ ಸಂಶಯ. ಬೈಯುವವನೂ ನೆರವಾಗುವವನೂ ಒಂದೇ ನಾಟಕದ ಪಾತ್ರಗಳೆಂದು ಆಮೇಲೆ ಇದನ್ನು ಕೆದಕಿದವರು ಹೇಳುತ್ತಾರೆ. ಮುಖವಾಡಕ್ಕೆ ನಮ್ಮ ಕಡೆಯ ಹೆಸರೇ ಬೇಕಾಯಿತಲ್ಲ ಎಂಬುದು ಸಣ್ಣ ದುಃಖ.

ಕಾಲಿನ್ ಕೊಟ್ಟ ಉತ್ತರ ಇಂದಿಗೂ ಯಾರು ಬೇಕಾದರೂ ಓದಬಹುದಾದ ಕಡೆ ಇದೆ. ಆಸಕ್ತಿ ಹೋಗಿಲ್ಲ, ಆದರೆ ಬಹುಕಾಲದಿಂದ ಮನಸ್ಸಿನ ಆರೋಗ್ಯ ಸರಿಯಿಲ್ಲ, ಹಾಗಾಗಿ ಹೆಚ್ಚು ಗಮನ ಕೊಡಲಾಗುತ್ತಿಲ್ಲ. ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂಬುದನ್ನು ಮರೆಯಬೇಡಿ, ಎಂಬ ಅರ್ಥದ ಮಾತು. ಜಿಯಾ ಟಾನ್ ಮುಂದೆ ಹೆಚ್ಚಿನ ಹೊಣೆ ಹೊರಬಹುದು ಎಂದೂ ಸೂಚಿಸಿದ್ದ. ದಣಿದವನ ಪಕ್ಕದಲ್ಲಿ ಹೆಗಲು ಕೊಡಲು ಬಂದವನೊಬ್ಬ ನಿಂತಿರುವಾಗ ಬೇರೆ ಯಾರಾದರೂ ಏನು ಮಾಡುತ್ತಿದ್ದರು? 2023ರ ಹೊತ್ತಿಗೆ ಎಕ್ಸ್‌ಝಡ್‌ನ ಹೊಸ ಆವೃತ್ತಿಗಳನ್ನು ಜಿಯಾ ಟಾನನೇ ಹೊರತರತೊಡಗಿದ. ಕನ್ನ ಹಾಕಿದ್ದಲ್ಲ, ಬೀಗ ಒಡೆದದ್ದಲ್ಲ. ಮನೆಯವನೇ ಕೀಲಿಕೈ ಕೊಟ್ಟಿದ್ದ. ಇದಕ್ಕಾಗಿ ಕಾಲಿನ್‌ನನ್ನು ದೂರುವವರು ತಾವು ಎಂದಾದರೂ ಹದಿನೈದು ವರ್ಷ ಪುಕ್ಕಟೆ ಕೆಲಸ ಮಾಡಿದ್ದುಂಟೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವಿಷ ಬಿದ್ದದ್ದು 2024ರ ಫೆಬ್ರವರಿಯಲ್ಲಿ ಬಂದ 5.6.0 ಎಂಬ ಆವೃತ್ತಿಯಲ್ಲಿ. ಬಚ್ಚಿಟ್ಟ ರೀತಿಗೆ ಮಾತ್ರ ಯಾರೂ ಬೆರಗಾಗಬೇಕು. ಎಕ್ಸ್‌ಝಡ್‌ನಂಥ ತಂತ್ರಾಂಶದ ಜೊತೆಗೆ ಪರೀಕ್ಷೆಗೆಂದು ಬೇಕೆಂದೇ ಕೆಡಿಸಿದ ಕಡತಗಳನ್ನು ಇಟ್ಟಿರುತ್ತಾರೆ. ಕೆಟ್ಟ ಕಡತ ಬಂದರೆ ತಂತ್ರಾಂಶ ಸರಿಯಾಗಿ ಗುರುತಿಸುತ್ತದೆಯೇ ಎಂದು ನೋಡಲು. ಅವು ಮನುಷ್ಯರು ಓದುವಂಥವಲ್ಲ. ಪ್ರಯೋಗಶಾಲೆಯ ಕಪಾಟಿನಲ್ಲಿ 'ಕೆಟ್ಟದ್ದು, ಮುಟ್ಟಬೇಡಿ' ಎಂದು ಚೀಟಿ ಅಂಟಿಸಿದ ಶೀಷೆಯನ್ನು ಯಾರು ಮೂಸಿ ನೋಡುತ್ತಾರೆ? ವಿಷವನ್ನು ಅಲ್ಲೇ ಇಟ್ಟಿದ್ದ. ಅದನ್ನು ಹೊರತೆಗೆದು ಬೆರೆಸುವ ನಾಲ್ಕಾರು ಸಾಲುಗಳು ಎಲ್ಲರೂ ನೋಡುವ ಬಹಿರಂಗ ಕಪಾಟಿನಲ್ಲಿ ಇರಲೇ ಇಲ್ಲ. ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇದ್ದವು. ಎಸ್‌ಎಸ್‌ಎಚ್‌ಗೆ ತನ್ನಷ್ಟಕ್ಕೆ ಎಕ್ಸ್‌ಝಡ್ ಬೇಕಾಗಿಯೇ ಇಲ್ಲ. ಕೆಲವು ಲಿನಕ್ಸ್ ತಂಡಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಬದಲಾವಣೆಯಿಂದ ಎರಡೂ ಬಳಸುದಾರಿಯಲ್ಲಿ ಅಂಟಿಕೊಂಡಿದ್ದವು. ಆ ಸಂದು ಕೂಡ ಜಿಯಾ ಟಾನನಿಗೆ ಗೊತ್ತಿತ್ತು. ಹೀಗೆ ಆದದ್ದೇನೆಂದರೆ, ಒಂದು ಗುಪ್ತ ಕೀಲಿ ಇದ್ದವನು ಬಂದು ಬಾಗಿಲು ತಟ್ಟಿದರೆ ಕಾವಲುಗಾರ ಹೆಸರೂ ಕೇಳದೆ, ಲೆಕ್ಕದ ಪುಸ್ತಕದಲ್ಲೂ ಬರೆಯದೆ ಒಳಗೆ ಬಿಡುತ್ತಿದ್ದ. ಕಾವಲುಗಾರ ಕೆಲಸಕ್ಕೆ ಎದ್ದಾಗಲೆಲ್ಲ ವಿಷ ಅವನೊಳಗೆ ತನ್ನ ಜಾಗ ಹುಡುಕಿ ಸೇರಿಕೊಳ್ಳುವುದಕ್ಕೇ ಬೇಕಾದದ್ದು ಆ ಅರ್ಧ ಸೆಕೆಂಡು.

ಮುಕ್ತ ತಂತ್ರಾಂಶದ ಅಭಿಮಾನಿಗಳು ಬಹಳ ಕಾಲದಿಂದ ಹೇಳಿಕೊಂಡು ಬಂದ ಮಾತೊಂದಿದೆ: ನೋಡುವ ಕಣ್ಣು ಸಾಕಷ್ಟಿದ್ದರೆ ಯಾವ ತಪ್ಪೂ ಅಡಗಿರಲಾರದು. ಮಾತು ಸುಳ್ಳಲ್ಲ, ಆದರೆ ಅರ್ಧ. ರಾಜ ಊರಿನವರಿಗೆಲ್ಲ ರಾತ್ರಿ ಕೊಳಕ್ಕೆ ತಲಾ ಒಂದು ಚೆಂಬು ಹಾಲು ಸುರಿಯಲು ಹೇಳಿದ ಕತೆ ಎಲ್ಲರಿಗೂ ಗೊತ್ತು. ಉಳಿದವರು ಹಾಲು ತರುತ್ತಾರಲ್ಲ, ನನ್ನದೊಂದು ಚೆಂಬು ನೀರಾದರೇನು ಎಂದು ಪ್ರತಿಯೊಬ್ಬನೂ ಯೋಚಿಸಿದ. ಬೆಳಗಾದರೆ ಕೊಳದ ತುಂಬ ನೀರೇ. ಎಕ್ಸ್‌ಝಡ್‌ನ ಒಳಗನ್ನೂ ಯಾರಾದರೂ ನೋಡಿರುತ್ತಾರೆಂದು ಎಲ್ಲರೂ ನಂಬಿದ್ದರು.

ಆದರೆ ಇದರಿಂದ 'ಪುಕ್ಕಟೆ ಸಿಕ್ಕಿದ್ದು ಇಷ್ಟೇ, ದುಡ್ಡು ಕೊಟ್ಟು ಕೊಂಡದ್ದೇ ಭದ್ರ' ಎಂದು ತೀರ್ಪು ಕೊಡುವವರೂ ಅವಸರ ಮಾಡುತ್ತಿದ್ದಾರೆ. ಎಕ್ಸ್‌ಝಡ್ ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಫ್ರಾಯಿಂಡ್‌ಗೆ ನಿಧಾನವಾಗಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಮಾರಿದವರಿಗೆ ಒಂದು ದೂರು ಬರೆದು ಸುಮ್ಮನಾಗಬೇಕಿತ್ತು. ತೆರೆದಿಟ್ಟದ್ದಾದ್ದರಿಂದ ತಾನೇ ಬಿಚ್ಚಿ ನೋಡಿದ. ತಾನು ಭದ್ರತಾ ತಜ್ಞನಲ್ಲ ಎಂದು ಆತನೇ ಹೇಳಿಕೊಂಡಿದ್ದಾನೆ. ಮಾರ್ಚ್ 29, ಗುಡ್ ಫ್ರೈಡೆಯ ದಿನ, ಆತ ಕಂಡದ್ದನ್ನೆಲ್ಲ ಲೋಕಕ್ಕೆ ಬರೆದು ತಿಳಿಸಿದ. ಜರ್ಮನ್ ಭಾಷೆಯಲ್ಲಿ ಫ್ರಾಯಿಂಡ್ ಎಂದರೆ ಗೆಳೆಯ. ಹೆಸರು ಸಾರ್ಥಕವಾಯಿತು.

ಅಷ್ಟರಲ್ಲಿ ವಿಷ ಎಲ್ಲಿಯವರೆಗೆ ಬಂದಿತ್ತು? ಡೆಬಿಯನ್, ಫೆಡೋರಾ ಮೊದಲಾದ ಲಿನಕ್ಸ್ ತಂಡಗಳ ಪರೀಕ್ಷೆಯ ಆವೃತ್ತಿಗಳಿಗೆ ಸೇರಿಯಾಗಿತ್ತು. ಎಲ್ಲರೂ ಬಳಸುವ ಸ್ಥಿರ ಆವೃತ್ತಿಗಳಿಗೆ ಇನ್ನೂ ಇಳಿದಿರಲಿಲ್ಲ. ಹೊಸದನ್ನು ಬೇಗ ಸೇರಿಸಿಕೊಳ್ಳಿ ಎಂದು ಡೆಬಿಯನ್‌ನವರಿಗೆ ಒತ್ತಾಯದ ಪತ್ರವೂ ಹೋಗಿತ್ತು. ಇನ್ನೊಂದಿಷ್ಟು ತಿಂಗಳು ಕಳೆದಿದ್ದರೆ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಲೆಕ್ಕವಿಲ್ಲದಷ್ಟು ಸರ್ವರುಗಳ ಬಾಗಿಲು ಒಬ್ಬನ ಕೈಯಲ್ಲಿರುತ್ತಿತ್ತು. ಆ ಒಬ್ಬ ಯಾರು? ಒಬ್ಬನೋ, ಒಂದು ತಂಡವೋ, ಯಾವುದಾದರೂ ದೇಶದ ಗೂಢಚಾರ ಇಲಾಖೆಯೋ? ಎರಡು ವರ್ಷಕ್ಕೂ ಮಿಕ್ಕಿ ತೋರಿದ ತಾಳ್ಮೆ ನೋಡಿದರೆ ಕೊನೆಯದೇ ಇರಬೇಕೆಂದು ಹಲವರ ಊಹೆ. ಯಾವ ಪುರಾವೆಯೂ ಹೊರಬಂದಿಲ್ಲ.

ಇಂಥ ಗಾಬರಿ ಮೊದಲನೆಯದೇನೂ ಅಲ್ಲ. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಿದ್ದಾಗ, ಇಂಟರ್‌ನೆಟ್ಟಿನ ವ್ಯವಹಾರಗಳ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ಬರುತ್ತಿದ್ದ ದಾನ ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ತಿಳಿದು ಲೋಕ ಬಾಯಿ ಬಿಟ್ಟಿತು. ದೊಡ್ಡ ಕಂಪನಿಗಳು ನಾಚಿ ಒಂದು ನಿಧಿ ಮಾಡಿದವು. ಎಕ್ಸ್‌ಝಡ್‌ನಂಥ ಸಣ್ಣದಕ್ಕೆ ಅದರ ನೆರಳೂ ಬೀಳಲಿಲ್ಲ. 2021ರ ಕೊನೆಗೆ ಲಾಗ್4ಜೆ ಎಂಬುದರಲ್ಲಿ ಮತ್ತೊಂದು ದೋಷ. ಆಗ ಕರ್ಲ್ ಎಂಬ ಬೇರೆಯೇ ತಂತ್ರಾಂಶವನ್ನು ಬರೆದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್‌ಗೆ ಒಂದು ಭಾರೀ ಕಂಪನಿಯಿಂದ ಪತ್ರ ಬಂತು. ಈ ದೋಷದ ಬಗ್ಗೆ ನೀವು ಏನೇನು ಕ್ರಮ ಕೈಗೊಂಡಿದ್ದೀರಿ, 24 ಗಂಟೆಯೊಳಗೆ ಉತ್ತರಿಸತಕ್ಕದ್ದು! ಆತನಿಗೂ ಲಾಗ್4ಜೆಗೂ ಸಂಬಂಧವೇ ಇಲ್ಲ, ಆ ಕಂಪನಿಯಿಂದ ಆತನಿಗೆ ಬಿಡಿಗಾಸೂ ಬಂದಿರಲಿಲ್ಲ. ಮೊದಲು ದುಡ್ಡಿನ ಕರಾರಿಗೆ ಸಹಿ ಹಾಕಿ, ಆಮೇಲೆ ಸಂತೋಷವಾಗಿ ಉತ್ತರ ಕೊಡುತ್ತೇನೆ ಎಂದು ಬರೆದ. ಭೇಷ್.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳೂ ಇದೇ ಬಾವಿಯ ನೀರು ಕುಡಿಯುವಂಥವು. ಸೇದುವವರು ಸಾವಿರ, ಹೂಳೆತ್ತುವವರು ಬೆರಳೆಣಿಕೆ. ಒಂದು ಅಪವಾದವನ್ನು ಹೇಳಲೇಬೇಕು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾ, ಇಂಥ ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆಂದು ವರ್ಷಕ್ಕೆ ಹತ್ತು ಲಕ್ಷ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತು. ಬಾಕಿ ಇರುವ ಸಾಲದ ಮುಂದೆ ಇದು ಒಂದು ಕಂತು. ಆದರೂ ಹೆಸರೇ ಕೇಳದ ದೂರದೂರಿನವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ಒಂದು ಕಂಪನಿಗಾದರೂ ಅನಿಸಿತಲ್ಲ.

ಸುದ್ದಿ ಸ್ಫೋಟವಾದ ಆ ಶುಕ್ರವಾರ ಲಾಸ್ಸೆ ಕಾಲಿನ್ ಇಂಟರ್‌ನೆಟ್ಟಿನಿಂದ ರಜೆಯಲ್ಲಿದ್ದ. ಮನಸ್ಸಿನ ನೆಮ್ಮದಿಗೆಂದು ಆಗಾಗ ಹಾಗೆ ದೂರ ಉಳಿಯುವುದು ಆತನ ಪದ್ಧತಿ. ಮರಳಿ ಬಂದಾಗ ಎಕ್ಸ್‌ಝಡ್ ಇಟ್ಟಿದ್ದ ಜಾಗಕ್ಕೆ ಬೀಗ ಬಿದ್ದಿತ್ತು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಆತನ ಹೆಸರಿತ್ತು. ಜಿಯಾ ಟಾನ್ ಮಾಯವಾಗಿದ್ದ. ಕಾಲಿನ್ ಒಂದು ಚಿಕ್ಕ ಪುಟದಲ್ಲಿ ನಡೆದದ್ದನ್ನು ಬರೆದು ಹಾಕಿ, ಜಿಯಾ ಟಾನ್ ಮುಟ್ಟಿದ್ದನ್ನು ತಿರುಗಿ ನೋಡುತ್ತಾ ಕುಳಿತ. ಎರಡು ತಿಂಗಳ ಮೇಲೆ, ಮೇ 29ರಂದು, ವಿಷ ತೆಗೆದ 5.6.2 ಆವೃತ್ತಿ ಹೊರಬಂತು. ತಂದವನು ಕಾಲಿನ್.