ತುತ್ತಿಗೊಂದು ಮಿತಿ, ಹೆಜ್ಜೆಗೊಂದು ನಿಯಮ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಆದರೆ ಆ ಸಂಜೆಯ ಅವಸರದಲ್ಲಿ ತಟ್ಟೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಲೆಕ್ಕಿಸುವವರು ವಿರಳ. ರಾತ್ರಿ ಹಸಿದೀತೆಂಬ ಅಂಜಿಕೆಯಿಂದ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಉಂಡು, ಅನಂತರ ಮಲಗುವವರೆಗೆ ಕುಳಿತಲ್ಲಿಯೇ ಕುಳಿತಿರುವವನಿಂದ ಸೂಕ್ಷ್ಮಜೀವಿಗಳ ಹಿಂಸೆಯೇನೋ ತಪ್ಪಿತು. ಆಹಾರದ ಮೇಲಣ ಲೋಲುಪತೆ ಮಾತ್ರ ಎಳ್ಳಷ್ಟೂ ಕರಗಲಿಲ್ಲ.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ 9ನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಗಳ ಎಣಿಕೆಯಿದೆ. ಮೊದಲನೆಯದು ಅನಶನ, ಅಂದರೆ ಉಪವಾಸ. ಎರಡನೆಯದು ಅವಮೌದರ್ಯ: ಹಸಿವಿಗಿಂತ ಕಡಿಮೆ ಉಣ್ಣುವುದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂಬುದು ಪ್ರಾಚೀನರ ಅಳತೆ. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅದು ತಪವೇ. ಪರ್ವದ ದಿನಗಳಲ್ಲಿ ಉಪವಾಸ ಮಾಡಿದವರಿಗೆ ಸನ್ಮಾನವುಂಟು, ಪಾರಣೆಯ ಸಂಭ್ರಮವುಂಟು. ಒಂದು ತುತ್ತು ಬಿಟ್ಟು ಎದ್ದವನನ್ನು ಯಾರೂ ಗಮನಿಸುವುದಿಲ್ಲ. ಆದರೂ ಇದೇ ಹೆಚ್ಚು ಕಠಿಣವೆನ್ನಬೇಕು. ಉಪವಾಸಿಯ ಎದುರು ಅನ್ನವಿರುವುದಿಲ್ಲ. ಅವಮೌದರ್ಯದ ವ್ರತಿಯಾದರೋ ಎದುರಿಗೆ ಅನ್ನವಿರುವಾಗಲೇ ಕೈಯನ್ನು ತಡೆಯಬೇಕು. ಅದೂ ವರ್ಷಕ್ಕೊಮ್ಮೆಯಲ್ಲ, ದಿನಂಪ್ರತಿ.

ರಸಪರಿತ್ಯಾಗವೂ ಈ ಆರರಲ್ಲಿ ಸೇರಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ತ್ಯಜಿಸುವುದು ಅದರ ಕ್ರಮ. ಇಂದಿನ ವೈದ್ಯರು ಮಿತಗೊಳಿಸಲು ಹೇಳುವ ಪದಾರ್ಥಗಳು ಬಹುಮಟ್ಟಿಗೆ ಇವೇ. ಹಾಗೆಂದು ಆಚಾರ್ಯರು ರಕ್ತದೊತ್ತಡವನ್ನು ಮನಸ್ಸಿನಲ್ಲಿಟ್ಟು ಇದನ್ನು ವಿಧಿಸಿದರೆಂದು ವಾದಿಸುವುದು ಅತಿರೇಕ. ಅವರ ಗುರಿ ಜಿಹ್ವೇಂದ್ರಿಯದ ಜಯ. ಆರೋಗ್ಯವು ಅದರ ಬೆನ್ನ ಹಿಂದೆ ಬಂದ ಲಾಭ. (ಮಧುಮೇಹವೇ ಮೊದಲಾದ ವ್ಯಾಧಿಗಳಿರುವವರು ವೈದ್ಯರನ್ನು ಕೇಳದೆ ಅನ್ಯರ ಉಪವಾಸವನ್ನು ಅನುಕರಿಸಬಾರದು. ದೇಹವನ್ನು ಕೆಡಿಸಿಕೊಳ್ಳುವುದು ತಪವಲ್ಲ.)

ಊಟದಷ್ಟೇ ನಡಿಗೆಗೂ ಇಲ್ಲಿ ಸ್ಥಾನವಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನು ಮಿತಿ ಹಾಕಿಕೊಳ್ಳಬೇಕಾದ ಭೋಗೋಪಭೋಗಗಳನ್ನು ಹೆಸರಿಸುವಾಗ ಭೋಜನದ ಜೊತೆಯಲ್ಲೇ ವಾಹನವನ್ನೂ ಹೇಳುತ್ತಾರೆ. ಮಿತಿ ಆಜೀವವಾಗಿರಲೇಬೇಕೆಂದಿಲ್ಲ, ಒಂದು ಹಗಲು, ಒಂದು ಪಕ್ಷ, ಒಂದು ಮಾಸ, ಒಂದು ಋತುವಿಗೂ ಆದೀತು. ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ. ಈ ವಿವೇಚನೆಯ ಬೆಲೆ, ಹೊಸ ವರ್ಷದಂದು ಆಜೀವ ವ್ಯಾಯಾಮದ ಪ್ರತಿಜ್ಞೆ ಮಾಡಿ ಸಂಕ್ರಾಂತಿಯ ಹೊತ್ತಿಗೆ ಕೈಬಿಟ್ಟವರಿಗೆ ಚೆನ್ನಾಗಿ ತಿಳಿಯುತ್ತದೆ. ‘ಈ ಪಕ್ಷದಲ್ಲಿ ಬಸದಿಗೆ ವಾಹನ ಹತ್ತದೆ ಹೋಗುವೆನು’ ಎಂಬಷ್ಟು ಸಣ್ಣ ನಿಯಮ ಸಾಕು. ಅದು ಕೈಗೂಡಿದರೆ ಇನ್ನೊಂದು ಪಕ್ಷ.

ಮುನಿಗಳು ಊರಿಂದೂರಿಗೆ ಬರಿಗಾಲಲ್ಲೇ ವಿಹರಿಸುತ್ತಾರೆ, ಈರ್ಯಾಸಮಿತಿಯಂತೆ ಮುಂದಣ ನಾಲ್ಕು ಮೊಳ ನೆಲವನ್ನು ನೋಡುತ್ತ. ಬೀಳ್ಕೊಡಲು ಬಂದ ಭಕ್ತರು ಫರ್ಲಾಂಗು ದೂರ ಜೊತೆ ನಡೆದು ಕಾರು ಹತ್ತುತ್ತಾರೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವ ಅದೇ ಕಾಲುಗಳು ಮನೆಯಲ್ಲಿ ಎರಡನೆಯ ಮಹಡಿಗೆ ಲಿಫ್ಟ್ ಕಾಯುತ್ತವೆ. ಶಕ್ತಿಯಿಲ್ಲವೆಂದಲ್ಲ, ರೂಢಿ ತಪ್ಪಿದೆ. ಇನ್ನು ನಡೆಯುವವರಲ್ಲೂ ಹಲವರ ದೃಷ್ಟಿ ನೆಲದ ಮೇಲಿರದೆ ಮೊಬೈಲಿನ ಮೇಲಿರುತ್ತದೆ. ಕಾಲಡಿಯ ಇರುವೆಗೂ ಎದುರಿನ ಹಳ್ಳಕ್ಕೂ ಆಗ ವ್ಯತ್ಯಾಸವಿಲ್ಲ.

ನಿಯಮ ಹಿಡಿದವರನ್ನು ನಡುದಾರಿಯಲ್ಲಿ ನಿಲ್ಲಿಸುವುದು ಬಹುಪಾಲು ಸೋಮಾರಿತನವಲ್ಲ, ಒಂದು ದಿನದ ತಪ್ಪು. ಮದುವೆಮನೆಯಲ್ಲಿ ಒತ್ತಾಯಕ್ಕೆ ಮೂರು ಹೋಳಿಗೆ ತಿಂದವನು ‘ವ್ರತ ಮುರಿಯಿತು, ಇನ್ನೇಕೆ’ ಎಂದು ಮರುದಿನವೂ ತಿನ್ನುತ್ತಾನೆ. ಜೈನಾಚಾರ್ಯರಾದರೋ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ತಪ್ಪಿನಲ್ಲೂ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು. ಮನಸ್ಸು ಕದಡುವುದು ಮೊದಲನೆಯದು. ನಿಯಮವನ್ನೇ ಬಿಟ್ಟು ವಿಷಯದಲ್ಲಿ ಮುಳುಗುವುದು ಕೊನೆಯದು. ಮದುವೆಮನೆಯ ಹೋಳಿಗೆ ಅತಿಚಾರ, ಅಷ್ಟೆ. ಅನಾಚಾರವಾಗುವುದು ಮರುದಿನದ ‘ಇನ್ನೇಕೆ’ ಎಂಬ ಮಾತಿನಿಂದ. ನಡುವೆ ಒಂದು ಇರುಳಿದೆ, ಪ್ರತಿಕ್ರಮಣಕ್ಕೆ ಅಷ್ಟು ಹೊತ್ತು ಸಾಕು.